ಬೆಂಚಿನ ಮೇಲೆ ಕುಳಿತ ವಿಂಗರ್: ಎಷ್ಟು ದಿನ ಕಾಯಬೇಕು?

ಪ್ರಶ್ನೆ: ಸರ್, ನಮಸ್ಕಾರ. ನಾವು ಬೆಳಗಾವಿಯ ವಡಗಾವಿಯವರು. ಮನೆಯಲ್ಲಿ ನಾಲ್ಕು ಪವರ್‌ಲೂಮ್ ಇವೆ. ನನ್ನ ಮಗನಿಗೆ ಈಗ 18 ವರ್ಷ 7 ತಿಂಗಳು. ಫುಟ್‌ಬಾಲ್ ಆಡುತ್ತಾನೆ. ಎಡಗಾಲಿನ ಆಟಗಾರ, ಬಲಗಡೆ ವಿಂಗರ್, ಅಂದರೆ ಮೈದಾನದ ಬಲ ಅಂಚಿನಿಂದ ಮುಂದೆ ನುಗ್ಗುವವನು. ಕಳೆದ ವರ್ಷ ಗೋವಾದ ಒಂದು ಕ್ಲಬ್ ಜೊತೆ ಎರಡು ವರ್ಷದ ಕಾಂಟ್ರಾಕ್ಟ್ ಆಯಿತು. ಓಣಿಗೆಲ್ಲಾ ಕುಂದಾ ಹಂಚಿದೆವು. ಈಗ ಮೊದಲ ಸೀಸನ್ ಮುಗಿದಿದೆ. 16 ಮ್ಯಾಚ್‌ಗಳಲ್ಲಿ ಮೂರರಲ್ಲಿ ಮಾತ್ರ ಮೊದಲಿನಿಂದ ಆಡಿದ. ಏಳರಲ್ಲಿ ಕೊನೆಗೆ ಹತ್ತು ಹನ್ನೆರಡು ನಿಮಿಷ ಇಳಿಸಿದರು. ಉಳಿದ ಆರರಲ್ಲಿ ಬೆಂಚೇ. ನಾನು ವಹಿಯಲ್ಲಿ ಬರೆದಿಟ್ಟಿದ್ದೇನೆ, ಒಟ್ಟು 260 ನಿಮಿಷ. ಗೋಲು ಒಂದೇ. ಕೊನೆಯ ಎರಡು ಸಲ ಲೆಫ್ಟ್‌ಬ್ಯಾಕ್ ಜಾಗದಲ್ಲಿ, ಅಂದರೆ ಹಿಂದೆ ಎಡಗಡೆ ಕಾಯುವ ಜಾಗದಲ್ಲಿ, ಆಡಿಸಿದರು. ಅವನು ಸರಿಯಾಗಿ ಮಾತಾಡುತ್ತಿಲ್ಲ. 40 ಸಾವಿರ ಕೊಟ್ಟರೆ ರಾಷ್ಟ್ರಮಟ್ಟದ ಲೀಗ್ ಆಡುವ ಕ್ಲಬ್ ಒಂದರಲ್ಲಿ ಟ್ರಯಲ್ ಕೊಡಿಸುತ್ತೇನೆ ಅಂತ ಒಬ್ಬ ಏಜೆಂಟ್ ಫೋನ್ ಮಾಡುತ್ತಿದ್ದಾರೆ. ಅವನ ತಾಯಿ ವಾಪಸ್ ಕರೆಸಿ ಕಾಲೇಜಿಗೆ ಹಾಕೋಣ ಅನ್ನುತ್ತಾಳೆ. ಏನು ಮಾಡಲಿ?
ಒಬ್ಬ ತಂದೆ, ವಡಗಾವಿ

ಉತ್ತರ: ನಮಸ್ಕಾರ. ಮೊದಲು ನಿಮ್ಮ ವಹಿಯ ಬಗ್ಗೆ ಒಂದು ಮಾತು. ಮಗನ ಗೋಲುಗಳನ್ನು ಬರೆದಿಡುವ ತಂದೆಯರನ್ನು ನಾನು ಬಹಳ ನೋಡಿದ್ದೇನೆ. ನಿಮಿಷ ಬರೆದಿಟ್ಟವರನ್ನು ನೋಡಿದ್ದು ಕಡಿಮೆ. ವಿಂಗರ್ ಹುಡುಗನ ಮೊದಲ ವರ್ಷಗಳಿಗೆ ಸರಿಯಾದ ಅಳತೆ ಅದೇ. 16 ಮ್ಯಾಚ್ ಅಂದರೆ 1440 ನಿಮಿಷ. ಅದರಲ್ಲಿ 260 ಅಂದರೆ ನೂರಕ್ಕೆ 18. ಮೊದಲ ಸೀಸನ್ ಆಡುವ 18 ವರ್ಷದ ಹುಡುಗನಿಗೆ ಇದು ಕೆಟ್ಟ ಲೆಕ್ಕ ಅಲ್ಲವೇ ಅಲ್ಲ.

ನೇರವಾಗಿ ಹೇಳಿಬಿಡುತ್ತೇನೆ. ಮಗನನ್ನು ವಾಪಸ್ ಕರೆಸಬೇಡಿ. ಆ ಏಜೆಂಟ್‌ಗೆ ಒಂದು ರೂಪಾಯಿಯೂ ಕೊಡಬೇಡಿ. ಕಾಂಟ್ರಾಕ್ಟಿನ ಎರಡನೇ ವರ್ಷ ಅಲ್ಲೇ ಶುರು ಮಾಡಲಿ. ಆದರೆ ಈ ಸಲ ಸುಮ್ನೆ ಕಾಯುವುದು ಬೇಡ. ಸೀಸನ್ ಅರ್ಧ ಆಗುವಷ್ಟರಲ್ಲಿ ನಿಮ್ಮ ವಹಿಯಲ್ಲಿ 300 ನಿಮಿಷ ಆಗಿರಬೇಕು. ಮುಗಿಯುವಾಗ 600. ಇದು ಎಲ್ಲೂ ಬರೆದ ನಿಯಮ ಅಲ್ಲ, ಇಷ್ಟು ವರ್ಷ ಹುಡುಗರನ್ನು ಕಲಿಸಿ ಬಂದ ನನ್ನ ಅಂದಾಜು. ಅಷ್ಟು ಆಗುತ್ತಿಲ್ಲ ಅಂದರೆ, ಎಲ್ಲಿ ಆಡಿಸುತ್ತಾರೋ ಅಲ್ಲಿಗೆ ಅವನು ಹೋಗಬೇಕು. ಕ್ಲಬ್ ಸಣ್ಣದಾದರೂ ಚಿಂತೆಯಿಲ್ಲ. 18ರಿಂದ 21ರ ತನಕ ವಿಂಗರ್‌ಗೆ ಕ್ಲಬ್ಬಿನ ಹೆಸರು ಅನ್ನ ಹಾಕುವುದಿಲ್ಲ, ಆಡಿದ ನಿಮಿಷ ಹಾಕುತ್ತದೆ.

ಈಗ ಬೆಂಚಿನ ವಿಷಯ. ವಿಂಗರ್ ಯಾಕೆ ಜಾಸ್ತಿ ಕೂರುತ್ತಾನೆ ಅಂತ ತಿಳಿದರೆ ನಿಮ್ಮ ಅರ್ಧ ಚಿಂತೆ ಇಳಿಯುತ್ತದೆ.

ಮೈದಾನದಲ್ಲಿ ಬೇರೆಯವರಿಗೆಲ್ಲಾ ಕೋಚ್ ಹೇಳುವುದು ‘ಚೆಂಡು ಕಳಕೊಳ್ಳಬೇಡ’ ಅಂತ. ವಿಂಗರ್‌ಗೆ ಹೇಳುವುದು ‘ಎದುರಿನವನನ್ನು ದಾಟು’ ಅಂತ. ದಾಟಲು ಹೋದವನು ಕಳಕೊಳ್ಳುತ್ತಾನೆ. ಹತ್ತು ಸಲ ಹೋದರೆ ಆರು ಸಲ ಕಳಕೊಂಡರೂ ದೊಡ್ಡ ವಿಂಗರ್‌ಗಳಿಗೆ ಅದು ಒಳ್ಳೆಯ ದಿನವೇ. ಆದರೆ ಚೆಂಡು ಹೋದ ಕೂಡಲೇ ಏನಾಗುತ್ತದೆ ನೋಡಿ. ಅವನ ಹಿಂದೆ ಆ ಅಂಚು ಕಾಯುವ ಫುಲ್‌ಬ್ಯಾಕ್ ಒಬ್ಬನೇ ನಿಂತಿರುತ್ತಾನೆ, ಎದುರಿಗೆ ಇಬ್ಬರು ನುಗ್ಗಿ ಬರುತ್ತಾರೆ. ಕಳಕೊಂಡ ಹುಡುಗ ತಲೆ ಮೇಲೆ ಕೈ ಹೊತ್ತು ಮೂರು ಸೆಕೆಂಡ್ ನಿಂತರೆ ಅಲ್ಲಿ ಗೋಲು ಬೀಳುತ್ತದೆ. ಹೊಸ ಹುಡುಗ ಆ ಮೂರು ಸೆಕೆಂಡ್ ನಿಲ್ಲುವುದಿಲ್ಲ ಅಂತ ಕೋಚ್‌ಗೆ ಭರವಸೆ ಬರಬೇಕು. ಅದಕ್ಕೆ ಒಂದು ಸೀಸನ್ ಬೇಕಾಗುತ್ತದೆ.

ಅದಕ್ಕೇ ಹುಡುಗ ವಿಂಗರ್‌ಗಳನ್ನು ಕೊನೆಯ ಹದಿನೈದು ನಿಮಿಷಕ್ಕೆ ಇಳಿಸುತ್ತಾರೆ. ಎದುರಾಳಿ ಫುಲ್‌ಬ್ಯಾಕ್‌ನ ಕಾಲು ಅಷ್ಟೊತ್ತಿಗೆ ಸೋತಿರುತ್ತದೆ. ಓಡುವ ಹುಡುಗನಿಗೆ ಕೆಲಸ ಸುಲಭ, ಟೀಮಿಗೂ ಅಪಾಯ ಕಡಿಮೆ. ಮೊದಲು ಒಂದು ಮ್ಯಾಚಿನಲ್ಲಿ ಮೂವರನ್ನು ಮಾತ್ರ ಬದಲಿಸಬಹುದಿತ್ತು. 2020ರಲ್ಲಿ ಕೊರೊನಾ ಕಾರಣಕ್ಕೆ ಐವರಿಗೆ ಅವಕಾಶ ಕೊಟ್ಟರು, 2022ರಲ್ಲಿ ಅದನ್ನೇ ಕಾಯಂ ಮಾಡಿದರು. ಇದರ ಲಾಭ ಹೆಚ್ಚು ಸಿಕ್ಕಿದ್ದು ನಿಮ್ಮ ಮಗನಂಥವರಿಗೇ. ನಮ್ಮ ಕಾಲದಲ್ಲಾಗಿದ್ದರೆ ಆ ಏಳು ಮ್ಯಾಚುಗಳಲ್ಲಿ ನಾಲ್ಕೈದರಲ್ಲಿ ಅವನು ಟ್ರ್ಯಾಕ್‌ಸೂಟ್ ಬಿಚ್ಚುತ್ತಲೇ ಇರಲಿಲ್ಲ. ಹತ್ತು ನಿಮಿಷ ಸಿಗುವುದು ಅವಮಾನ ಅಲ್ಲ. ಈ ಕೆಲಸಕ್ಕೆ ಎಲ್ಲರೂ ಒಳಗೆ ಬರುವ ಬಾಗಿಲು ಅದು.

ಇನ್ನು ಆಟ. ಅವನನ್ನು ನಾನು ನೋಡಿಲ್ಲ. ಆದರೆ ಬೆಳಗಾವಿಯಿಂದ ಹೋಗುವ ವಿಂಗರ್ ಹುಡುಗರು ಎಲ್ಲಿ ಎಡವುತ್ತಾರೆ ಅಂತ ನನಗೆ ಗೊತ್ತು. ಜುಲೈ ತಿಂಗಳ ಲೇಲೆ ಮೈದಾನ ನೀವು ನೋಡಿಯೇ ಇರುತ್ತೀರಿ. ಕೆಸರಲ್ಲಿ ಚೆಂಡು ಓಡುವುದಿಲ್ಲ. ಮುಂದೆ ಜೋರಾಗಿ ತಳ್ಳಿ, ಹಿಂದೆ ಜೋರಾಗಿ ಓಡಿದವನು ಗೆಲ್ಲುತ್ತಾನೆ. ಸೇಂಟ್ ಪಾಲ್ಸ್ ಮೈದಾನದಲ್ಲಿ ನಡೆಯುವ ಫಾದರ್ ಎಡ್ಡಿ ಟೂರ್ನಮೆಂಟ್‌ನಂಥ ಶಾಲಾ ಮ್ಯಾಚುಗಳಲ್ಲೂ ವೇಗ ಇದ್ದ ಹುಡುಗನನ್ನು ತಡೆಯುವವರು ಇರುವುದಿಲ್ಲ. ಗೋವಾಕ್ಕೆ ಹೋದರೆ ಲೆಕ್ಕ ಬೇರೆ. ಮಾಪುಸಾದ ದುಲೇರ್ ಮೈದಾನದಂಥ ಕೃತಕ ಹುಲ್ಲಿನ ಮೇಲೆ ಚೆಂಡು ಸರ್ರನೆ ಜಾರುತ್ತದೆ. ಕೆಸರಲ್ಲಿ ಕಾಲಡಿ ನಿಲ್ಲುತ್ತಿದ್ದ ಅದೇ ಟಚ್ ಇಲ್ಲಿ ಎರಡು ಮೀಟರ್ ಹೊರಗೆ ಹೋಗುತ್ತದೆ. ಎದುರಿನ ಫುಲ್‌ಬ್ಯಾಕ್‌ಗೂ ಅಷ್ಟೇ ವೇಗ ಇರುತ್ತದೆ, ಮೇಲೆ ಹತ್ತು ವರ್ಷದ ಅನುಭವ ಇರುತ್ತದೆ. ಅವನು ಕಾಲು ಹಾಕಲು ಬರುವುದೇ ಇಲ್ಲ. ಒಂದೂವರೆ ಮೀಟರ್ ದೂರ ನಿಂತು, ಒಂದು ಕಡೆಯ ದಾರಿ ಮುಚ್ಚಿ, ಕಾಯುತ್ತಾನೆ. ಓಡಿ ಗೆದ್ದೇ ಅಭ್ಯಾಸ ಇರುವ ಹುಡುಗನಿಗೆ ಈ ಕಾಯುವವನ ಮುಂದೆ ಏನು ಮಾಡಬೇಕೋ ತೋಚುವುದಿಲ್ಲ.

ಮುಂದಿನ ಸಲ ಗೋವಾಕ್ಕೆ ಹೋದಾಗ ಒಂದು ಕೆಲಸ ಮಾಡಿ. ಗೋಲು ನೋಡಬೇಡಿ, ಚೆಂಡು ಅವನಿಗೆ ಬರುವ ಎರಡು ಸೆಕೆಂಡ್ ಮಾತ್ರ ನೋಡಿ. ರೈಟ್‌ಬ್ಯಾಕ್ ಚೆಂಡು ಕೊಡುವ ಮೊದಲು ಅವನು ತಲೆ ತಿರುಗಿಸಿ ಹೆಗಲ ಹಿಂದೆ ನೋಡಿದನಾ? ನೋಡಿದವನಿಗೆ ಫುಲ್‌ಬ್ಯಾಕ್ ಎಲ್ಲಿದ್ದಾನೆ ಅಂತ ಮೊದಲೇ ಗೊತ್ತಿರುತ್ತದೆ. ಆಮೇಲೆ ಅವನ ಮೈ. ಬೆನ್ನು ಗೋಲಿನ ಕಡೆ ಮಾಡಿ ನಿಂತರೆ ಚೆಂಡು ಬಂದ ದಾರಿಯಲ್ಲೇ ವಾಪಸ್ ಹೋಗಬೇಕಾಗುತ್ತದೆ. ಬೆನ್ನು ಟಚ್‌ಲೈನ್ (ಮೈದಾನದ ಉದ್ದದ ಅಂಚಿನ ಗೆರೆ) ಕಡೆಗಿದ್ದು, ಮೈ ಅರ್ಧ ತೆರೆದಿದ್ದರೆ ಇಡೀ ಮೈದಾನ ಕಾಣುತ್ತದೆ. ಮೂರನೆಯದು, ಚೆಂಡನ್ನು ಯಾವ ಕಾಲಲ್ಲಿ ತಗೊಂಡ? ಹತ್ತಿರದ ಕಾಲಲ್ಲಿ ತಗೊಂಡರೆ ಚೆಂಡು ಅಲ್ಲೇ ಸತ್ತು ನಿಲ್ಲುತ್ತದೆ. ದೂರದ ಕಾಲಲ್ಲಿ ತಗೊಂಡರೆ ಆ ಮೊದಲ ಟಚ್ಚಿನಲ್ಲೇ ಮುಂದಕ್ಕೆ ಹೊರಟಿರುತ್ತಾನೆ. ಆಮೇಲೆ ಒಂದು ಕ್ಷಣ ನಿಧಾನ ಮಾಡಿದನಾ? ವೇಗ ಇದ್ದವನು ನಿಧಾನ ಮಾಡಿದಾಗಲೇ ಎದುರಿನವನ ಸೊಂಟ ಒಂದು ಕಡೆ ತಿರುಗುತ್ತದೆ. ಸೊಂಟ ತಿರುಗಿದ ಕ್ಷಣ ಅವನ ಇನ್ನೊಂದು ಬದಿಯಿಂದ ಹೋಗಬೇಕು. ಈ ‘ನಿಂತು ಹೊರಡುವುದು’ ಬಂದ ದಿನ ಹುಡುಗ ವಿಂಗರ್ ಆಗುತ್ತಾನೆ. ಅಲ್ಲಿಯವರೆಗೆ ಅವನು ಚೆಂಡು ಇಟ್ಟುಕೊಂಡ ಓಟಗಾರ.

ನಿಮ್ಮ ಮಗನಿಗೆ ಇನ್ನೂ ಒಂದು ತೊಡಕು ಇದೆ. ಎಡಗಾಲಿನವನು, ಬಲಗಡೆ ಆಡುತ್ತಾನೆ. ಈಗಿನ ಕಾಲದಲ್ಲಿ ಇದು ಬಹಳ ಬೇಡಿಕೆಯ ಜಾಗ. ಒಳಗೆ ಕತ್ತರಿಸಿ ಬಂದು ಎಡಗಾಲಲ್ಲಿ ಗೋಲಿಗೆ ಹೊಡೆಯಬಹುದು. ಈಜಿಪ್ಟಿನ ಮೊಹಮ್ಮದ್ ಸಲಾ ಮಾಡುವುದು ಅದನ್ನೇ, ಸ್ಪೇನಿನ ಲಮೀನ್ ಯಮಾಲ್ ಮಾಡುವುದು ಅದನ್ನೇ. ಆದರೆ ಅವನು ಒಳಗೇ ಬರುತ್ತಾನೆ ಅಂತ ಎದುರಿನವನಿಗೂ ಗೊತ್ತು. ಮೂರನೇ ಸಲಕ್ಕೆ ಆ ದಾರಿ ಬಂದ್. ಅದಕ್ಕೇ ಬಲಗಾಲಲ್ಲಿ ಒಂದು ಕ್ರಾಸ್, ಅಂದರೆ ಅಂಚಿನಿಂದ ಗೋಲಿನ ಮುಂದಕ್ಕೆ ಹಾಕುವ ಚೆಂಡು, ಇರಲೇಬೇಕು. ತುಂಬಾ ಚೆಂದ ಇರಬೇಕಾಗಿಲ್ಲ. ಐದರಲ್ಲಿ ಒಂದು ಸಲ ಹೊರಗಿನಿಂದ ಹೋಗಿ ಬಲಗಾಲಲ್ಲಿ ಚೆಂಡು ಹಾಕಿದರೆ ಸಾಕು, ಫುಲ್‌ಬ್ಯಾಕ್‌ಗೆ ಅನುಮಾನ ಶುರುವಾಗುತ್ತದೆ. ಉಳಿದ ನಾಲ್ಕು ಸಲ ಒಳಗಿನ ದಾರಿ ತೆರೆಯುತ್ತದೆ. ಮನೆಗೆ ಬಂದಾಗ ದಿನಾ 50 ಚೆಂಡು ಬಲಗಾಲಲ್ಲಿ, ಓಡುತ್ತಾ ಹಾಕಲಿ. ನಿಂತು ಹಾಕಿದ್ದು ಲೆಕ್ಕಕ್ಕಿಲ್ಲ.

ಲೆಫ್ಟ್‌ಬ್ಯಾಕ್ ಆಡಿಸಿದ್ದಕ್ಕೆ ಅವನಿಗೆ ಬೇಜಾರಾಗಿದೆ ಅಲ್ವಾ? ನಾನಾಗಿದ್ದರೆ ಖುಷಿಪಡುತ್ತಿದ್ದೆ. ಎಡಗಾಲಿನವರು ಎಲ್ಲ ಟೀಮಿನಲ್ಲೂ ಕಡಿಮೆ. ನಂಬಿಕೆ ಇಲ್ಲದ ಹುಡುಗನನ್ನು ಯಾವ ಕೋಚೂ ತನ್ನ ಗೋಲಿನ ಹತ್ತಿರ ನಿಲ್ಲಿಸುವುದಿಲ್ಲ. ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ಬಿನ ಬುಕಾಯೊ ಸಾಕಾ 2018ರ ನವೆಂಬರ್‌ನಲ್ಲಿ 17ನೇ ವಯಸ್ಸಿಗೆ ಮೊದಲ ಸಲ ಆಡಿದ, ಅದೂ ಬದಲಿ ಆಟಗಾರನಾಗಿ. ಮುಂದಿನ ಸೀಸನ್‌ನಲ್ಲಿ ಲೆಫ್ಟ್‌ಬ್ಯಾಕ್‌ಗಳಿಗೆ ಗಾಯವಾದಾಗ ಆ ಜಾಗಕ್ಕೆ ಇವನನ್ನೇ ಹಾಕಿದರು. ಅವನು ತಿಂಗಳುಗಟ್ಟಲೆ ಅಲ್ಲೇ ಆಡಿದ. ಆ ನಿಮಿಷಗಳಿಂದಲೇ ಅವನು ಟೀಮಿನ ಕಾಯಂ ಆಟಗಾರ ಆದದ್ದು. ಇಂದು ಜಗತ್ತಿನ ದೊಡ್ಡ ರೈಟ್ ವಿಂಗರ್‌ಗಳಲ್ಲಿ ಅವನೊಬ್ಬ.

ಗ್ಯಾರೆತ್ ಬೇಲ್ ಕತೆ ಇನ್ನೂ ಕಷ್ಟದ್ದು. 2007ರಲ್ಲಿ 17ನೇ ವಯಸ್ಸಿಗೆ ಇಂಗ್ಲೆಂಡಿನ ಟಾಟೆನ್‌ಹ್ಯಾಮ್ ಕ್ಲಬ್ಬಿಗೆ ಬಂದ, ಲೆಫ್ಟ್‌ಬ್ಯಾಕ್ ಆಗಿ. ಅವನು ಆಡಿದ ಮೊದಲ 24 ಲೀಗ್ ಮ್ಯಾಚುಗಳಲ್ಲಿ ಟೀಮ್ ಒಂದನ್ನೂ ಗೆಲ್ಲಲಿಲ್ಲ. ಒಂದೂ ಇಲ್ಲ! 2009ರ ಸೆಪ್ಟೆಂಬರ್ ತನಕ ಆ ಲೆಕ್ಕ ಅವನ ಹೆಗಲ ಮೇಲಿತ್ತು. ಒಂದು ವರ್ಷ ಕಳೆದು, 2010ರ ಅಕ್ಟೋಬರ್‌ನಲ್ಲಿ, ಅದೇ ಹುಡುಗ ಎಡಗಡೆ ವಿಂಗ್‌ನಲ್ಲಿ ಆಡಿ ಇಂಟರ್ ಮಿಲಾನ್ ಮೈದಾನದಲ್ಲಿ ಮೂರು ಗೋಲು ಹೊಡೆದ. ಹಿಂದೆ ನಿಂತು ಆಡಿದವನಿಗೆ ಒಂದು ಗುಟ್ಟು ಸಿಗುತ್ತದೆ. ಯಾವ ಥರದ ವಿಂಗರ್ ಎದುರಿಗೆ ಬಂದರೆ ತನಗೆ ಹೆದರಿಕೆ ಆಗುತ್ತದೆ ಅಂತ ಅವನಿಗೆ ಮೈಯಿಂದಲೇ ಗೊತ್ತಾಗುತ್ತದೆ. ಮುಂದೆ ಹೋದಾಗ ಅದನ್ನೇ ಮಾಡುತ್ತಾನೆ.

ಆದರೂ ಒಂದು ಎಚ್ಚರಿಕೆ ಇರಲಿ. ಮಗ ಕೋಚ್ ಹತ್ತಿರ ಹೋಗಿ, ‘ಸರ್, ಮುಂದಿನ ಸೀಸನ್ ನನ್ನನ್ನು ಯಾವ ಜಾಗಕ್ಕೆ ನೋಡುತ್ತಿದ್ದೀರಿ?’ ಅಂತ ಕೇಳಬೇಕು. ನೀವು ಕೇಳಬೇಡಿ, ಅವನೇ ಕೇಳಲಿ. ತಂದೆ ಫೋನ್ ಮಾಡಿದರೆ ಹುಡುಗ ಚಿಕ್ಕವನಾಗಿ ಕಾಣುತ್ತಾನೆ.

ಗೋಲು ಒಂದೇ ಅಂತ ಬರೆದಿದ್ದೀರಿ. ವಿಂಗರ್‌ಗೆ ಗೋಲು ಕೊನೆಗೆ ಬರುವ ಬೆಳೆ. ವಿನೀಶಿಯಸ್ ಜೂನಿಯರ್ 2018ರಲ್ಲಿ 18 ವರ್ಷಕ್ಕೆ ರಿಯಲ್ ಮ್ಯಾಡ್ರಿಡ್ ಸೇರಿದ. ಸ್ಪೇನ್ ಲೀಗಿನಲ್ಲಿ ಮೊದಲ ವರ್ಷ 2 ಗೋಲು, ಎರಡನೇ ವರ್ಷ 3, ಮೂರನೇ ವರ್ಷವೂ 3. ಎಲ್ಲರನ್ನೂ ದಾಟಿ ಹೋಗಿ ಕೊನೆಗೆ ಚೆಂಡನ್ನು ಹೊರಗೆ ಹೊಡೆಯುತ್ತಿದ್ದ. ಜನ ಆಡಿಕೊಂಡರು. ನಾಲ್ಕನೇ ವರ್ಷ 17 ಗೋಲು. 2022ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಬಿದ್ದ ಒಂದೇ ಗೋಲು ಅವನದು. ಕಾಲು ಮೊದಲ ದಿನವೂ ಅಷ್ಟೇ ವೇಗವಾಗಿತ್ತು. ಗೋಲಿನ ಮುಂದೆ ಉಸಿರು ಹಿಡಿದು ಒಂದು ಕ್ಷಣ ಕಾಯುವುದನ್ನು ಕಲಿಯಲು ಅಷ್ಟು ವರ್ಷ ಹಿಡಿಯಿತು.

ನಮ್ಮ ದೇಶದವರ ಕಡೆಗೆ ಬರೋಣ, ಅವರ ದಾರಿ ನಿಮಗೆ ಹತ್ತಿರ. ಗೋವಾದ ಲಿಸ್ಟನ್ ಕೊಲಾಸೊ ಹುಟ್ಟಿದ್ದು 1998ರಲ್ಲಿ. ಸಾಲ್ಗಾವಕರ್ ಕ್ಲಬ್ಬಿನಿಂದ ಎಫ್‌ಸಿ ಗೋವಾಕ್ಕೆ ಬಂದ. ತನ್ನ ಊರಿನ ದೊಡ್ಡ ಕ್ಲಬ್, ಆದರೆ ಆಡಲು ಸಿಕ್ಕಿದ್ದು ಕಡಿಮೆ. 2020ರ ಜನವರಿಯಲ್ಲಿ ಹೈದರಾಬಾದ್ ಎಫ್‌ಸಿಗೆ ಹೋದ. ಆಗ ಅದು ದೇಶದ ದೊಡ್ಡ ಲೀಗ್ ಆದ ಐಎಸ್‌ಎಲ್‌ಗೆ ಹೊಸದಾಗಿ ಬಂದಿದ್ದ ಕ್ಲಬ್. ಊರು ಬಿಟ್ಟು ಸಣ್ಣ ಹೆಸರಿನ ಕಡೆ ಹೋದ, ಆದರೆ ಅಲ್ಲಿ ಆಡಿದ. 2021ರಲ್ಲಿ ಎಟಿಕೆ ಮೋಹನ್ ಬಗಾನ್ ಅವನನ್ನು ದೊಡ್ಡ ಮೊತ್ತ ಕೊಟ್ಟು ತಗೊಂಡಿತು. ಮುಂದಿನ ವರ್ಷ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್‌ನಲ್ಲಿ ಹ್ಯಾಟ್ರಿಕ್ ಹೊಡೆದ. ನಿಮ್ಮ ಮಗ ಒಂದು ವೇಳೆ ಕ್ಲಬ್ ಬದಲಿಸಬೇಕಾಗಿ ಬಂದರೆ ಈ ದಾರಿಯನ್ನೇ ನೆನೆಯಲಿ.

ಮಿಜೋರಾಂನ ಲಾಲಿಯನ್‌ಜುವಾಲಾ ಛಾಂಗ್ಟೆ 18 ತುಂಬಿದ ವರ್ಷವೇ ಭಾರತಕ್ಕೆ ಆಡಿದ. ಹಾಗಿದ್ದರೂ ಅವನ ದಾರಿ ನೇರ ಇರಲಿಲ್ಲ. ಪುಣೆಯ ಡಿಎಸ್‌ಕೆ ಶಿವಾಜಿಯನ್ಸ್, ಲೋನ್ ಮೇಲೆ (ಸ್ವಲ್ಪ ಕಾಲಕ್ಕೆ ಎರವಲಾಗಿ) ನಾರ್ತ್‌ಈಸ್ಟ್, ಆಮೇಲೆ ಡೆಲ್ಲಿ ಡೈನಾಮೋಸ್, ನಡುವೆ ನಾರ್ವೆಯ ಕ್ಲಬ್ಬಿನಲ್ಲೊಂದು ಟ್ರಯಲ್, ಚೆನ್ನೈಯಿನ್, ಕೊನೆಗೆ 2022ರಲ್ಲಿ ಮುಂಬೈ ಸಿಟಿ. 2022-23ರ ದೇಶದ ಅತ್ಯುತ್ತಮ ಆಟಗಾರ ಪ್ರಶಸ್ತಿ ಬಂದಾಗ ಅವನಿಗೆ 26. ಎಂಟು ವರ್ಷ ಹಿಡಿಯಿತು.

ಉದಾಂತ ಸಿಂಗ್ ಇದಕ್ಕೆ ವಿರುದ್ಧ. ಮಣಿಪುರದ ಹುಡುಗ, ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಕಲಿತು 2014ರಲ್ಲಿ 18ಕ್ಕೆ ಬೆಂಗಳೂರು ಎಫ್‌ಸಿಗೆ ಬಂದ. 2023ರ ತನಕ ಅಲ್ಲೇ ಇದ್ದ. ಆದದ್ದರಿಂದ ಒಂದೇ ಕ್ಲಬ್ಬಿನಲ್ಲಿ ಇರುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಅಲ್ಲಿ ಅವನನ್ನು ಆಡಿಸಿದರು, ಅವನು ಉಳಿದ. 2019ರ ಏಷ್ಯನ್ ಕಪ್‌ನಲ್ಲಿ ಥಾಯ್ಲೆಂಡ್ ವಿರುದ್ಧ 4-1ರಲ್ಲಿ ಗೆದ್ದದ್ದು ನೆನಪಿದೆಯಾ? ಅನಿರುದ್ಧ ಥಾಪಾ ಹೊಡೆದ ಗೋಲಿಗೆ ಬಲಗಡೆಯಿಂದ ಓಡಿ ಬಂದು ಚೆಂಡು ಕೊಟ್ಟವನು ಉದಾಂತನೇ. ಅಷ್ಟು ವೇಗದಲ್ಲಿ ಬಂದವನು ತಾನೇ ಹೊಡೆಯಬಹುದಿತ್ತು. ತಲೆ ಎತ್ತಿ ನೋಡಿ ಪಕ್ಕಕ್ಕೆ ಕೊಟ್ಟ. ನಾನು ಹುಡುಗರಿಗೆ ಆ ಓಟವನ್ನು ಮೊಬೈಲಿನಲ್ಲಿ ಮತ್ತೆ ಮತ್ತೆ ತೋರಿಸುತ್ತೇನೆ.

ಈಗ ಮೈ. ಈ ವಿಷಯದಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನನ್ನ ಆಟ ನಿಂತದ್ದು ಇಲ್ಲೇ. ನಾನೂ ವಿಂಗರ್. 20ನೇ ವಯಸ್ಸಿನಲ್ಲಿ ಒಂದು ಕ್ಲಬ್ಬಿಗೆ ಆಡುತ್ತಿದ್ದೆ. ತೊಡೆಯ ಹಿಂದಿನ ಸ್ನಾಯು, ಹ್ಯಾಮ್‌ಸ್ಟ್ರಿಂಗ್, ಒಂದು ಮಂಗಳವಾರ ಹಿಡಿಯಿತು. ಯಾರೋ ಹಗ್ಗ ಎಳೆದಂತೆ. ಶನಿವಾರ ಮ್ಯಾಚ್. ಇಂಜೆಕ್ಷನ್ ಕೊಟ್ಟು ಆಡಿಸಿದರು. ನಾನೂ ಬೇಡ ಅನ್ನಲಿಲ್ಲ, ಜಾಗ ಹೋಗುತ್ತದೆ ಅನ್ನುವ ಭಯ. 30ನೇ ನಿಮಿಷಕ್ಕೆ ಅದು ಹರಿಯಿತು. ವಾಪಸ್ ಬಂದೆ, ಮತ್ತೆ ಹರಿಯಿತು. ಮೂರನೇ ಸಲಕ್ಕೆ ನನ್ನ ವೇಗ ಹೋಯಿತು. ವೇಗ ಹೋದ ವಿಂಗರ್ ಅಂದರೆ ಲಾಳಿ ಓಡದ ಮಗ್ಗ ಇದ್ದ ಹಾಗೆ, ನಿಮಗೆ ಬೇರೆ ಹೇಳಬೇಕಾಗಿಲ್ಲ.

ಪೂರ್ತಿ ವೇಗದಲ್ಲಿ ಓಡಿ, ತಟ್ಟನೆ ನಿಂತು, ಮತ್ತೆ ಹೊರಡುವ ಕೆಲಸ ವಿಂಗರ್‌ನದು. ಹ್ಯಾಮ್‌ಸ್ಟ್ರಿಂಗ್ ಮೇಲೆ ಇದಕ್ಕಿಂತ ದೊಡ್ಡ ಹೊರೆ ಇಲ್ಲ. ಇದಕ್ಕೆ ಒಂದು ಸರಳ ವ್ಯಾಯಾಮ ಇದೆ, ನಾರ್ಡಿಕ್ ಅನ್ನುತ್ತಾರೆ. ಮೆತ್ತಗಿನ ಜಾಗದಲ್ಲಿ ಮೊಣಕಾಲೂರಿ ನೆಟ್ಟಗೆ ನಿಲ್ಲಬೇಕು. ಒಬ್ಬರು ಹಿಂದೆ ಕುಳಿತು ಎರಡೂ ಹಿಮ್ಮಡಿಗಳನ್ನು ಗಟ್ಟಿಯಾಗಿ ಹಿಡಿಯಬೇಕು. ಸೊಂಟ ಬಗ್ಗಿಸದೆ, ಇಡೀ ಮೈಯನ್ನು ಮರದ ಹಲಗೆಯ ಹಾಗೆ ನಿಧಾನಕ್ಕೆ ಮುಂದೆ ಬೀಳಿಸುತ್ತಾ ಹೋಗಬೇಕು. ತಡೆಯಲು ಆಗದೇ ಇದ್ದಾಗ ಕೈಯೂರಬೇಕು. ಅಷ್ಟೇ. ಮೊದಲ ವಾರ ಐದು ಸಲ ಮಾಡಿದರೂ ತೊಡೆ ನಡುಗುತ್ತದೆ. ಇದನ್ನು ಬಿಡದೆ ಮಾಡುವ ಟೀಮುಗಳಲ್ಲಿ ಈ ಗಾಯ ಸುಮಾರು ಅರ್ಧಕ್ಕೆ ಇಳಿದಿದೆ ಅಂತ ಹಲವು ಅಧ್ಯಯನಗಳು ಹೇಳಿವೆ. ದುಡ್ಡಿಲ್ಲ, ಮಷಿನ್ ಇಲ್ಲ. ಮನೆಗೆ ಬಂದಾಗ ಹಿಮ್ಮಡಿ ಹಿಡಿಯುವ ಕೆಲಸ ನೀವೇ ಮಾಡಿ.

ಸ್ಪೇನಿನ ಬಾರ್ಸಿಲೋನಾ ಕ್ಲಬ್ಬಿನಲ್ಲಿ ಬೆಳೆದ ಅನ್ಸು ಫಾತಿಯ ಹೆಸರು ನಿಮ್ಮ ಮಗನಿಗೆ ಗೊತ್ತಿರುತ್ತದೆ. 2019ರಲ್ಲಿ 16ನೇ ವಯಸ್ಸಿಗೇ ಗೋಲು ಹೊಡೆದ ವಿಂಗರ್. 2020ರ ನವೆಂಬರ್‌ನಲ್ಲಿ ಮಂಡಿಯ ಒಳಗಿನ ಮೆನಿಸ್ಕಸ್ ಹರಿಯಿತು. ಹತ್ತು ತಿಂಗಳಿಗೂ ಜಾಸ್ತಿ ಹೊರಗೆ, ಒಂದಕ್ಕಿಂತ ಹೆಚ್ಚು ಆಪರೇಷನ್. ಬೇಗ ಬೇಗ ಜಾಸ್ತಿ ಆಡುವುದಕ್ಕೂ ಒಂದು ಬೆಲೆ ಇದೆ. ನಾನು 600 ನಿಮಿಷ ಅಂದದ್ದು, 1400 ಅನ್ನದೇ ಇದ್ದದ್ದು ಇದಕ್ಕೇ. ಊಟದ ಬಗ್ಗೆ ಉದ್ದ ಹೇಳುವುದಿಲ್ಲ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಮೊಟ್ಟೆ, ಕಾಳಿನ ಪಲ್ಯ ತಿಂದು ಬೆಳೆದ ಹುಡುಗನಿಗೆ ಡಬ್ಬಿ ಪೌಡರ್ ಬೇಡ. ರಾತ್ರಿ ಎಂಟು ತಾಸು ನಿದ್ದೆ ಬೇಕು, ಮೊಬೈಲ್ ಕೋಣೆಯ ಹೊರಗೆ.

ಕಾಗದದ ವಿಷಯ. ಟ್ರಯಲ್‌ಗೆ 40 ಸಾವಿರ ಕೇಳುವವನು ನಿಮ್ಮ ಮಗನ ಕೆಲಸ ಮಾಡುತ್ತಿಲ್ಲ, ತನ್ನ ಕೆಲಸ ಮಾಡಿಕೊಳ್ಳುತ್ತಿದ್ದಾನೆ. ಹುಡುಗ ಬೇಕು ಅಂದರೆ ಕ್ಲಬ್ಬೇ ಕರೆಯುತ್ತದೆ. 2023ರಿಂದ ಫುಟ್‌ಬಾಲ್ ಏಜೆಂಟ್ ಆಗಲು ಫಿಫಾ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಬೇಕು. ಲೈಸೆನ್ಸ್ ಇದ್ದವರ ಹೆಸರು ಫಿಫಾ ವೆಬ್‌ಸೈಟಿನಲ್ಲಿ ಸಿಗುತ್ತದೆ. ಆ ಮನುಷ್ಯನ ಪೂರ್ತಿ ಹೆಸರು ಕೇಳಿ, ಹುಡುಕಿ ನೋಡಿ. ಲೈಸೆನ್ಸ್ ಇದ್ದರೂ ಅವರ ಜೊತೆಗಿನ ಕರಾರು ಎರಡು ವರ್ಷಕ್ಕಿಂತ ಜಾಸ್ತಿ ಇರುವ ಹಾಗಿಲ್ಲ.

ಸಹಿ ಮಾಡುವಾಗ ಮಗನಿಗೆ 17 ಇತ್ತು. 18ರೊಳಗಿನವರ ಕಾಂಟ್ರಾಕ್ಟ್ ಮೂರು ವರ್ಷ ಮೀರಬಾರದು ಅಂತ ಫಿಫಾ ನಿಯಮ. ನಿಮ್ಮದು ಎರಡು ವರ್ಷ, ಆದ್ದರಿಂದ ಸರಿಯಾಗಿದೆ. ಅದರ ಒಂದು ಪ್ರತಿ ನಿಮ್ಮ ಮನೆಯಲ್ಲಿ ಇದೆಯಾ? ಇಲ್ಲದಿದ್ದರೆ ಈ ವಾರವೇ ಕೇಳಿ ತರಿಸಿ. ಅವನ ಹೆಸರು ರಾಷ್ಟ್ರೀಯ ಫೆಡರೇಷನ್‌ನ ನೋಂದಣಿ ವ್ಯವಸ್ಥೆಯಲ್ಲಿ, ಸಿಆರ್‌ಎಸ್ ಅನ್ನುತ್ತಾರೆ, ಯಾವ ಕ್ಲಬ್ಬಿನ ಮೇಲಿದೆ ಅಂತಲೂ ನೋಡಿಕೊಳ್ಳಿ. ಇನ್ನೊಂದು ಮುಖ್ಯ ನಿಯಮ ಹುಡುಗರಿಗೆ ಗೊತ್ತಿರುವುದಿಲ್ಲ. ಒಂದು ಸೀಸನ್‌ನಲ್ಲಿ ಮೂರು ಕ್ಲಬ್‌ಗಳಲ್ಲಿ ಹೆಸರು ನೋಂದಾಯಿಸಬಹುದು, ಆದರೆ ಅಧಿಕೃತ ಮ್ಯಾಚ್ ಆಡಲು ಆಗುವುದು ಎರಡಕ್ಕೆ ಮಾತ್ರ. ಗೋವಾದಲ್ಲಿ ಐದು ನಿಮಿಷ ಆಡಿ, ಅವಸರದಲ್ಲಿ ಇನ್ನೊಂದು ಕಡೆ ಹೋಗಿ ಐದು ನಿಮಿಷ ಆಡಿದರೆ, ಆ ವರ್ಷದ ಬಾಗಿಲು ಮುಚ್ಚಿತು. ಹೋಗುವುದಾದರೆ ಒಂದೇ ಸಲ, ಯೋಚಿಸಿ. ಲೋನ್ ಸಿಕ್ಕರೆ ಅದು ಎಲ್ಲಕ್ಕಿಂತ ಒಳ್ಳೆಯದು. ಯಾರು ಸಂಬಳ ಕೊಡುತ್ತಾರೆ, ಗಾಯವಾದರೆ ಯಾರು ನೋಡುತ್ತಾರೆ, ಈ ಎರಡು ಮಾತು ಕಾಗದದ ಮೇಲೆ ಇರಲಿ.

ಅವನ ತಾಯಿಯ ಮಾತನ್ನು ತಳ್ಳಿಹಾಕಬೇಡಿ. ಅವರ ಭಯಕ್ಕೆ ಕಾರಣ ಇದೆ. 2025ರ ಜುಲೈನಲ್ಲಿ ಐಎಸ್‌ಎಲ್‌ನ ಹೊಸ ಸೀಸನ್ ಅನ್ನೇ ತಡೆಹಿಡಿದರು, ಲೀಗ್ ನಡೆಸುವ ಒಪ್ಪಂದ ಮುಂದುವರಿಯುವ ಬಗ್ಗೆ ತೀರ್ಮಾನ ಆಗಲಿಲ್ಲ ಅಂತ. ಕೆಲವು ಕ್ಲಬ್‌ಗಳು ಸಂಬಳ ನಿಲ್ಲಿಸಿದವು. ದೇಶಕ್ಕೆ ಆಡಿದವರೇ ಮನೆಯಲ್ಲಿ ಕುಳಿತರು. ಹೀಗಿರುವಾಗ ಓದು ಬಿಡುವುದು ಸರಿಯಲ್ಲ. ಆದರೆ ಓದಲು ಆಟ ಬಿಡಬೇಕಾಗಿಲ್ಲ. ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಎಗೋ ಬಿಕಾಂಗೋ ಹೆಸರು ಹಚ್ಚಿಸಿ. ಸೀಸನ್ ನಡುವೆ ಬಿಡುವಿನ ಮಧ್ಯಾಹ್ನಗಳು ಬಹಳ ಇರುತ್ತವೆ. ಮಲಗಿಕೊಂಡು ರೀಲ್ಸ್ ನೋಡುವ ಬದಲು ಓದುತ್ತಾನೆ.

ದೊಡ್ಡ ಕ್ಲಬ್ ಸಿಗದಿದ್ದರೂ ದಾರಿ ಮುಗಿಯುವುದಿಲ್ಲ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತಲ್ಲ, ಮೇಘಾಲಯವನ್ನು 3-2ರಲ್ಲಿ ಸೋಲಿಸಿ, 54 ವರ್ಷಗಳ ನಂತರ. ಆ ಟೀಮಿನಲ್ಲಿ ಟಿವಿಯಲ್ಲಿ ದಿನಾ ಕಾಣುವ ಸ್ಟಾರ್‌ಗಳು ಇರಲಿಲ್ಲ. ರಾಜ್ಯದ ಟೀಮಿಗೆ ಆಡಿದವರಿಗೆ ರೈಲ್ವೆ, ಸೇನೆಯಂಥ ಕಡೆ ಕೆಲಸದ ಅವಕಾಶವೂ ಇರುತ್ತದೆ. ಅವನ ತಾಯಿಗೆ ಇದನ್ನು ಹೇಳಿ.

ಕೊನೆಗೆ ಫೋನ್. ಅವನು ಮಾತಾಡುತ್ತಿಲ್ಲ ಅಂತ ಬರೆದಿದ್ದೀರಿ. ಮ್ಯಾಚ್ ಮುಗಿದ ಕೂಡಲೇ ‘ಆಡಿದ್ಯಾ? ಗೋಲು ಹೊಡದ್ಯಾ?’ ಅಂತ ಕೇಳುತ್ತೀರಿ ಅಂತ ನನ್ನ ಊಹೆ. ಎರಡಕ್ಕೂ ಅವನ ಹತ್ತಿರ ಇರುವ ಉತ್ತರ ‘ಇಲ್ಲ’. ದಿನಾ ಇಲ್ಲ ಇಲ್ಲ ಅನ್ನಬೇಕಾದವನು ಫೋನ್ ಎತ್ತುವುದನ್ನೇ ಬಿಡುತ್ತಾನೆ. ಓಣಿಯವರು ‘ನಿಮ್ಮ ಹುಡುಗ ಆಡೂದ ಕಾಣವಲ್ತಲ್ರೀ’ ಅಂದದ್ದನ್ನು ಅವನಿಗೆ ಮುಟ್ಟಿಸಬೇಡಿ. ‘ಇವತ್ತು ಪ್ರಾಕ್ಟೀಸ್‌ನಲ್ಲಿ ಎಷ್ಟು ಸಲ ಚೆಂಡು ಸಿಕ್ಕಿತು, ಎದುರಿಗೆ ಯಾರಿದ್ದರು, ಅವನು ಹೇಗೆ ನಿಲ್ಲುತ್ತಾನೆ’ ಅಂತ ಕೇಳಿ. ವಿಂಗರ್ ಆದವನು ಎದುರಿನ ಫುಲ್‌ಬ್ಯಾಕ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾನೆ. ಸಲಾ ಹುಡುಗನಾಗಿದ್ದಾಗ ತನ್ನ ಹಳ್ಳಿ ನಗ್ರಿಗ್‌ನಿಂದ ಕೈರೋಗೆ ಬಸ್ಸು ಬದಲಿಸುತ್ತಾ ಹೋಗಲು ನಾಲ್ಕು ತಾಸು, ಬರಲು ನಾಲ್ಕು ತಾಸು ಕಳೆಯುತ್ತಿದ್ದ. ನಿಮಗೆ ಚೋರ್ಲಾ ಘಾಟಿನ ದಾರಿ ಅಷ್ಟು ದೂರ ಇಲ್ಲ. ತಿಂಗಳಿಗೊಮ್ಮೆ ಹೋಗಿ ಬನ್ನಿ. ಬೆಂಚಿನ ಮೇಲೆ ಕುಳಿತ ದಿನವೂ ಹೋಗಿ, ಮ್ಯಾಚ್ ಮುಗಿದ ಮೇಲೆ ಜೊತೆಗೆ ಊಟ ಮಾಡಿ ಬನ್ನಿ.

ರಜೆಯಲ್ಲಿ ಅವನು ಊರಿಗೆ ಬಂದಾಗ ಬೆಳಗ್ಗೆ ಆರೂವರೆಗೆ ಲೇಲೆ ಮೈದಾನಕ್ಕೆ ಕರೆದುಕೊಂಡು ಬನ್ನಿ. ನಾನು ಅಲ್ಲಿ ಹುಡುಗರ ಜೊತೆ ಇರುತ್ತೇನೆ. ಅವನ ಬಲಗಾಲಿನ ಕ್ರಾಸ್ ನೋಡಬೇಕು. ಬರುವಾಗ ವಹಿಯನ್ನೂ ತನ್ನಿ. ಆ ಮೂರು ಮ್ಯಾಚುಗಳಲ್ಲಿ ಅವನನ್ನು ಎಷ್ಟನೇ ನಿಮಿಷಕ್ಕೆ ಹೊರಗೆ ಕರೆದರು ಅಂತ ನೋಡಿ ಮುಂದಿನ ಮಾತು ಆಡೋಣ.